ನಾನು ನೋಡದೆ ಬಿಟ್ಟ ಪುಟಗಳು

ನಮ್ಮ ಊರಿನಲ್ಲಿ ಒಂದು ವರ್ಷ ಯಾರ ಕಣ್ಣಿಗೂ ಬೀಳದ ವಸ್ತು ಉಳಿಯುವುದಿಲ್ಲ. ಪೆಟ್ಟಿಗೆಯ ತಳದಲ್ಲಿಟ್ಟ ಸೀರೆಯಾಗಲಿ, ಅಟ್ಟದ ಮೇಲಿನ ತಾಮ್ರದ ಹಂಡೆಯಾಗಲಿ, ಕೊನೆಯ ಸಲ ನೋಡಿದ ದಿನದಿಂದ ವರ್ಷ ತುಂಬಿತೆಂದರೆ ಮುಗಿಯಿತು. ಸದ್ದಿಲ್ಲ, ಬೂದಿಯಿಲ್ಲ, ಇದ್ದ ಜಾಗದಲ್ಲಿ ಧೂಳಿನ ಗುರುತು ಮಾತ್ರ. ಹಾಗಾಗಿ ನಮ್ಮವರು ನೋಡುವುದನ್ನು ಕಸ ಗುಡಿಸಿದಷ್ಟೇ ಸಹಜವಾಗಿ ಕಲಿತುಕೊಂಡಿದ್ದಾರೆ. ನನ್ನ ತಾಯಿ ಪ್ರತಿ ವರ್ಷ ಟ್ರಂಕು ತೆರೆದು ಒಂದೊಂದು ಸೀರೆಯನ್ನೂ ಪೂರ್ತಿ ಬಿಡಿಸಿ ನೋಡಿ ಮತ್ತೆ ಮಡಚುತ್ತಿದ್ದಳು. ಮಡಚಿದ ಸೀರೆಯನ್ನು ಮೇಲಿಂದ ನೋಡಿದರೆ ಮೇಲಿನ ಮಡಿಕೆಯಷ್ಟೇ ಉಳಿಯುತ್ತದೆ ಎಂಬುದು ಅವಳಿಗೆ ಮದುವೆಯ ಮರುವರ್ಷವೇ ಗೊತ್ತಾಗಿತ್ತು. ಪರವೂರಿಗೆ ಹೋಗುವವರು ಬೀಗದ ಕೈಯನ್ನು ನೆರೆಮನೆಗೆ ಕೊಟ್ಟು, ಕಪಾಟಿನ ಕೆಳಗಿನ ಖಾನೆ ಮರೆಯಬೇಡಿ ಎಂದು ಹೇಳಿ ಹೋಗುತ್ತಾರೆ. ಬೇಡವಾದ ಉಡುಗೊರೆಯನ್ನು ಯಾರೂ ಎಸೆಯುವುದಿಲ್ಲ. ಎಲ್ಲಾದರೂ ಮುಚ್ಚಿಟ್ಟು ಸುಮ್ಮನಿದ್ದುಬಿಡುತ್ತಾರೆ.

ಇಂಥ ಊರಿನಲ್ಲಿ ಆಡಿಟರಿಗೆ ಸಿಗುವ ಮರ್ಯಾದೆಯೇ ಬೇರೆ. ಗೋದಾಮಿನವರು, ಆಸ್ಪತ್ರೆಯವರು, ಶಾಲೆಯವರು ಎಲ್ಲರೂ ವರ್ಷಕ್ಕೊಮ್ಮೆ ಆಡಿಟರ ಕಚೇರಿಯಿಂದ ಒಬ್ಬರನ್ನು ಕರೆಸಿ, ಪಟ್ಟಿಯಲ್ಲಿದ್ದದ್ದನ್ನೆಲ್ಲ ತೋರಿಸಿ, ನೋಡಿದ್ದೇನೆ ಎಂದು ಬರೆಸಿಕೊಂಡು ಸಹಿ ಹಾಕಿಸಿಕೊಳ್ಳುತ್ತಾರೆ. ನಾನು ಕೊಣ್ಣೂರ ಸಾಹೇಬರ ಕಚೇರಿಯಲ್ಲಿ ಈ ವೃತ್ತಿ ಕಲಿಯುತ್ತಿದ್ದೆ. ನನಗಾಗ ಇಪ್ಪತ್ತಮೂರು ವರ್ಷ. ಪರೀಕ್ಷೆಯ ಉಳಿದ ಪತ್ರಿಕೆಗಳೆಲ್ಲ ಮುಗಿದಿದ್ದವು, ಆಡಿಟಿಂಗ್ ಒಂದರಲ್ಲೇ ಎರಡು ಸಲ ಬಿದ್ದಿದ್ದೆ. ಲೆಕ್ಕ ಕೊಟ್ಟರೆ ಬಿಡಿಸುತ್ತಿದ್ದೆ. ತತ್ವ ಬರೆ ಎಂದರೆ ಕೈ ನಿಲ್ಲುತ್ತಿತ್ತು. ಆಡಿಟರನ ಸ್ವಾತಂತ್ರ್ಯ ಎಂದರೇನು, ಸಾಕ್ಷ್ಯ ಎಂದರೇನು, ಸಮಂಜಸವಾದ ಭರವಸೆ ಎಂದರೆ ಎಷ್ಟು ಭರವಸೆ, ಇವೆಲ್ಲ ಓದುವಾಗ ಸುಲಭ, ಪುಸ್ತಕ ಮುಚ್ಚಿದರೆ ಒಂದಕ್ಕೊಂದು ಕಲಸಿಹೋಗುತ್ತಿದ್ದವು.

ಸಾಹೇಬರು ಒಂದು ದಿನ ನನ್ನನ್ನು ಕರೆದು, ಅಂಧರ ಶಾಲೆಯಲ್ಲಿ ಒಬ್ಬ ಹುಡುಗಿ ಇದೇ ಪರೀಕ್ಷೆಗೆ ಕೂರಬೇಕೆಂದಿದ್ದಾಳೆ, ಅವಳಿಗೆ ಪುಸ್ತಕ ಓದಿ ಹೇಳುವವರು ಬೇಕಂತೆ, ದಿನಾ ಬೆಳಿಗ್ಗೆ ಎರಡು ತಾಸು ಹೋಗಿ ಓದು ಎಂದರು. ಜೋರಾಗಿ ಓದಿದರೆ ನಿನ್ನ ತಲೆಗೂ ಸ್ವಲ್ಪ ಹತ್ತೀತು ಎಂದೂ ಸೇರಿಸಿದರು.

ಹಾಗೆ ನನಗೆ ಮಂದಾಕಿನಿಯ ಪರಿಚಯವಾಯಿತು. ಅವಳು ಅದೇ ಶಾಲೆಯಲ್ಲಿ ಕಲಿತು ಅಲ್ಲೇ ಗಣಿತ ಕಲಿಸುತ್ತಿದ್ದಳು. ನನಗಿಂತ ಎರಡು ವರ್ಷ ದೊಡ್ಡವಳು. ಹುಟ್ಟಿನಿಂದ ಕಣ್ಣಿರಲಿಲ್ಲ. ಶಾಲೆಯ ಜಗಲಿಯ ಮೇಲೆ ಕೂತು ನಾನು ಒಂದೊಂದು ವಾಕ್ಯ ಓದುತ್ತಿದ್ದೆ, ಅವಳು ತೊಡೆಯ ಮೇಲೆ ಲೋಹದ ಪಾಟಿ ಇಟ್ಟುಕೊಂಡು ಅದರಲ್ಲಿ ಸಿಕ್ಕಿಸಿದ ದಪ್ಪ ಕಾಗದಕ್ಕೆ ಮೊಳೆಯಿಂದ ಚುಕ್ಕಿ ಚುಚ್ಚುತ್ತಿದ್ದಳು. ಬ್ರೈಲ್ ಲಿಪಿಯನ್ನು ಬಲದಿಂದ ಎಡಕ್ಕೆ ಚುಚ್ಚಬೇಕು, ಕಾಗದ ತಿರುಗಿಸಿ ಎಡದಿಂದ ಬಲಕ್ಕೆ ಓದಬೇಕು ಎಂಬುದು ನನಗೆ ಆಗ ತಿಳಿದದ್ದು. ಅವಳ ವೇಗಕ್ಕೆ ನನ್ನ ನಾಲಿಗೆ ಹಿಂದೆ ಬೀಳುತ್ತಿತ್ತು. ಅರ್ಥವಾಗದೆ ನಾನು ಓದಿಕೊಂಡು ಹೋದರೆ ಅವಳ ಕೈ ನಿಲ್ಲುತ್ತಿತ್ತು. ಈ ವಾಕ್ಯ ನಿನಗೆ ತಿಳಿಯಿತೇ ಎಂದು ಕೇಳುತ್ತಿದ್ದಳು. ತಿಳಿಯಲಿಲ್ಲ ಎಂದರೆ ಅವಳೇ ಬಿಡಿಸಿ ಹೇಳುತ್ತಿದ್ದಳು. ಮೊದಮೊದಲು ಇಬ್ಬರೂ ಬಹುವಚನದಲ್ಲಿ ಮಾತಾಡುತ್ತಿದ್ದೆವು. ಮೂರನೇ ಅಧ್ಯಾಯದ ಹೊತ್ತಿಗೆ ಅದು ತಾನಾಗಿಯೇ ಬಿಟ್ಟುಹೋಯಿತು.

ಒಂದು ಪ್ರಶ್ನೆ ಅವಳನ್ನು ಬಹಳ ದಿನ ಕಾಡಿತು. ಆಡಿಟ್ ಯಾಕಾಗಿ ಎಂಬುದಕ್ಕೆ ಪುಸ್ತಕದಲ್ಲಿ ಅರ್ಧ ಪುಟದ ವ್ಯಾಖ್ಯೆಯಿತ್ತು. ಅದನ್ನು ಚುಚ್ಚಿ ಮುಗಿಸಿ, ಇಷ್ಟುದ್ದ ಯಾಕೆ ಬೇಕು, ತಾನಾಗಿ ನೋಡಲಾರದವರ ಪರವಾಗಿ ಇನ್ನೊಬ್ಬ ನೋಡುವುದು, ಅಷ್ಟೇ ಅಲ್ಲವೇ ಎಂದಳು. ನಾನು ಅದನ್ನು ನನ್ನ ಪುಸ್ತಕದ ಅಂಚಿನಲ್ಲಿ ಪೆನ್ಸಿಲಿನಿಂದ ಬರೆದುಕೊಂಡೆ.

ಸ್ಯಾಂಪ್ಲಿಂಗಿನ ಅಧ್ಯಾಯ ಬಂದಾಗ ಮಾತ್ರ ಅವಳು ನಕ್ಕುಬಿಟ್ಟಳು. ಸಾವಿರ ವಸ್ತುಗಳಿದ್ದರೆ ಸಾವಿರವನ್ನೂ ನೋಡಬೇಕಿಲ್ಲ, ಸರಿಯಾಗಿ ಆರಿಸಿದ ಐವತ್ತನ್ನು ನೋಡಿ ಉಳಿದದ್ದರ ಬಗ್ಗೆ ಅಭಿಪ್ರಾಯಕ್ಕೆ ಬರಬಹುದು ಎಂದು ಅದರಲ್ಲಿತ್ತು.

"ಇದನ್ನ ಬರದವ್ರು ನಮ್ಮೂರಾಗ ಒಂದು ವರ್ಷಾನೂ ಇದ್ದಿಲ್ಲ ಬಿಡು," ಎಂದಳು. "ಪರೀಕ್ಷಾದಾಗ ಅವ್ರು ಕೇಳಿದ್ದು ಬರಿಯೂಣು. ಇಲ್ಲಿ ಮಾಡೂದು ಬ್ಯಾರೆ."

ಏಳು ತಿಂಗಳಲ್ಲಿ ಪುಸ್ತಕ ಮುಗಿಯಿತು. ಬ್ರೈಲಿನಲ್ಲಿ ಅದು ಹನ್ನೊಂದು ಸಂಪುಟವಾಯಿತು. ಫಕೀರವ್ವ ಅವನ್ನು ತನ್ನ ಕೈಯಾರೆ ದಾರ ಹಾಕಿ ಹೊಲಿದು ರಟ್ಟು ಕಟ್ಟಿಕೊಟ್ಟಳು. ಫಕೀರವ್ವ ಆ ಶಾಲೆಯ ಪುಸ್ತಕದ ಕೋಣೆಯನ್ನು ಇಪ್ಪತ್ತಾರು ವರ್ಷದಿಂದ ನೋಡಿಕೊಳ್ಳುತ್ತಿದ್ದವಳು. ನಾಲ್ಕನೇ ಇಯತ್ತೆಯವರೆಗೆ ಓದಿದ್ದಳು. ಚುಕ್ಕಿ ಓದಲು ಬರುತ್ತಿರಲಿಲ್ಲವಾದರೂ ಯಾವ ಪುಸ್ತಕ ಎಲ್ಲಿದೆ ಎಂದು ಕತ್ತು ತಿರುಗಿಸದೆ ಹೇಳುತ್ತಿದ್ದಳು. ಶಾಲೆಯಲ್ಲಿ ಕಣ್ಣಿದ್ದವರು ಅವಳು, ಅಡುಗೆಯವರು, ಕಾವಲಿನವರು ಇಷ್ಟೇ. ಮಕ್ಕಳು ದಿನಾ ಬಳಸುವ ವಸ್ತುಗಳು ಹೇಗೋ ಇವರ ಕಣ್ಣಿಗೆ ಬಿದ್ದು ಉಳಿಯುತ್ತಿದ್ದವು. ಆದರೆ ಎಂಟು ಕಪಾಟುಗಳಲ್ಲಿದ್ದ ನಾನೂರ ಹನ್ನೆರಡು ಸಂಪುಟಗಳನ್ನು ವರ್ಷಕ್ಕೊಮ್ಮೆ ಪುಟ ಪುಟ ತೆರೆದು ನೋಡಲೇಬೇಕಿತ್ತು. ಮಕ್ಕಳ ಬೆರಳು ಸಾಲುತ್ತಿರಲಿಲ್ಲ, ಕಣ್ಣೇ ಬೀಳಬೇಕು. ಅವುಗಳಲ್ಲಿ ಎಷ್ಟೋ ಪುಸ್ತಕಗಳನ್ನು ತೀರಿಹೋದ ಮಾಸ್ತರರೊಬ್ಬರು ಮೂವತ್ತು ವರ್ಷ ಕೂತು ಚುಚ್ಚಿದ್ದರು, ಇನ್ನೊಂದು ಪ್ರತಿ ಎಲ್ಲಿಯೂ ಇರಲಿಲ್ಲ. ಆಡಿಟಿನವರು ಬಂದು ಸಹಿ ಹಾಕುವುದೇನೋ ಇತ್ತು, ಆದರೆ ನಿಜವಾಗಿ ನೋಡುತ್ತಿದ್ದವಳು ಫಕೀರವ್ವ. ಆಷಾಢದ ಹುಣ್ಣಿಮೆಗೆ ಮುಗಿಯುವಂತೆ ಒಂದು ವಾರ ಬೆಳಗಿನಿಂದ ಸಂಜೆಯವರೆಗೆ ಕೂತು ಪುಟ ತಿರುವುತ್ತಿದ್ದಳು.

ಮಂದಾಕಿನಿಗೆ ಆ ವರ್ಷ ಪರೀಕ್ಷೆಗೆ ಕೂರಲಾಗಲಿಲ್ಲ. ಅವಳು ಹೇಳಿದ್ದನ್ನು ಬರೆಯಲು ಒಬ್ಬ ಸಹಾಯಕರನ್ನು ಇಟ್ಟುಕೊಳ್ಳಲು ಪರೀಕ್ಷೆಯವರು ಒಪ್ಪಲಿಲ್ಲ. ಅವಳು ಪತ್ರದ ಮೇಲೆ ಪತ್ರ ಬರೆಸಿದಳು. ಹನ್ನೊಂದು ಸಂಪುಟಗಳು ಎಂಟನೇ ಕಪಾಟಿನ ಕೆಳಗಿನ ಖಾನೆ ಸೇರಿದವು. ನಾನು ಮಾತ್ರ ಆ ಸಲ ಕೂತೆ, ಮೂರನೆಯ ಸಲವೂ ಬಿದ್ದೆ. ಮರುವರ್ಷ ಜ್ಯೇಷ್ಠದಲ್ಲಿ ಅವಳಿಗೆ ಅನುಮತಿ ಬಂತು, ಆದರೆ ಆ ಒಂದು ಸಲಕ್ಕೆ ಮಾತ್ರ. ಪರೀಕ್ಷೆ ಶ್ರಾವಣದ ಮೊದಲ ವಾರ. ಇಬ್ಬರೂ ಒಟ್ಟಿಗೆ ಕೂರುವವರಿದ್ದೆವು.

ಅದೇ ವರ್ಷ ಫಕೀರವ್ವನ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಒಂದಾದ ಮೇಲೊಂದು ಶಸ್ತ್ರಚಿಕಿತ್ಸೆಯಾಗಿ ಅವಳು ಪಟ್ಟಿ ಕಟ್ಟಿಕೊಂಡು ಮನೆಯಲ್ಲಿದ್ದಳು. ಈ ಸಲ ಪೂರ್ತಿ ನೋಡುವ ಕೆಲಸ ನಮ್ಮ ಕಚೇರಿಗೆ ಬಂತು. ಸಾಹೇಬರು ನನಗೆ ಐದು ದಿನ ಕೊಟ್ಟು ಕಳಿಸಿದರು. ಬೀಗದ ಕೈ ತರಲು ಫಕೀರವ್ವನ ಮನೆಗೆ ಹೋದಾಗ ಅವಳು ಅದನ್ನು ನನ್ನ ಅಂಗೈಯಲ್ಲಿಟ್ಟು ಬೆರಳು ಮಡಚಿದಳು. ಪುಟಗಳು ಒಂದಕ್ಕೊಂದು ಅಂಟಿರುತ್ತವೆ, ಉಗುರಿನಿಂದ ಬಿಡಿಸಿ ನೋಡು, ಅವಸರ ಮಾಡಬೇಡ ಎಂದು ಹೇಳಿಕೊಟ್ಟಳು. ಸಂಜೆಗೊಮ್ಮೆ ಬಂದು ಎಷ್ಟಾಯಿತೆಂದು ತಿಳಿಸು ಎಂದಳು. ಕೆಲಸ ನಡೆಯುವ ವಾರ ಯಾರೂ ಕೋಣೆಯಿಂದ ಪುಸ್ತಕ ತೆಗೆಯಬಾರದೆಂಬ ನಿಯಮವಿತ್ತು. ಮುಗಿದ ಕೂಡಲೇ ನನ್ನ ಸಂಪುಟ ತೆಗೆದುಕೊಂಡು ಇನ್ನೊಮ್ಮೆ ಮೊದಲಿಂದ ಓದುತ್ತೇನೆ ಎಂದು ಮಂದಾಕಿನಿ ಹೇಳಿದಳು.

ಮೊದಲ ಎರಡು ದಿನ ನಾನು ಪ್ರಾಮಾಣಿಕವಾಗಿ ಕೆಲಸ ಮಾಡಿದೆ. ಇದನ್ನು ಹೇಳಿಕೊಳ್ಳುವುದರಿಂದ ಏನೂ ಕಡಿಮೆಯಾಗುವುದಿಲ್ಲ, ಆದರೂ ಹೇಳುತ್ತೇನೆ. ಮೂರು ಕಪಾಟು, ನೂರ ಅರವತ್ತೆರಡು ಸಂಪುಟ. ಚುಕ್ಕಿ ಓದಲು ಬಾರದವನಿಗೆ ಆ ಪುಟಗಳೆಲ್ಲ ಒಂದೇ ಬಿಳಿ. ಬೇರೆ ಪುಸ್ತಕವಾದರೆ ಒಂದು ಚಿತ್ರವೋ ಒಂದು ಸಾಲೋ ಕಣ್ಣು ಹಿಡಿಯುತ್ತದೆ, ಇಲ್ಲಿ ತಿರುವಿದಷ್ಟೂ ಅದೇ ಉಬ್ಬು, ಅದೇ ನೆರಳು. ಪಕ್ಕದ ತರಗತಿಯಲ್ಲಿ ಮಕ್ಕಳು ಮಗ್ಗಿ ಹೇಳುವುದು ಕೇಳುತ್ತಿತ್ತು. ಕುತ್ತಿಗೆ ಹಿಡಿದುಕೊಂಡಿತು. ಮೂರನೆಯ ದಿನ ನಾನು ಆಡಿಟಿಂಗ್ ಪುಸ್ತಕವನ್ನೂ ಜೊತೆಗೆ ಒಯ್ದೆ. ಪರೀಕ್ಷೆಗೆ ಮೂರು ವಾರವಿತ್ತು. ನಾಲ್ಕನೆಯ ಸಲವೂ ಬಿದ್ದರೆ ಇನ್ನು ಇಟ್ಟುಕೊಳ್ಳುವುದಿಲ್ಲ ಎಂದು ಸಾಹೇಬರು ಸೂಚನೆ ಕೊಟ್ಟಿದ್ದರು.

ನಾನು ತೆರೆದದ್ದು ಸ್ಯಾಂಪ್ಲಿಂಗಿನ ಅಧ್ಯಾಯವನ್ನೇ. ಓದುತ್ತ ಓದುತ್ತ ಅದು ನನಗೆ ಮೊದಲ ಸಲ ಚೆನ್ನಾಗಿ ಅರ್ಥವಾಯಿತು. ದೊಡ್ಡ ದೊಡ್ಡ ಊರುಗಳಲ್ಲಿ, ನನಗಿಂತ ಎಷ್ಟೋ ತಿಳಿದವರು, ಹತ್ತರಲ್ಲಿ ಒಂದನ್ನು ನೋಡಿ ಸಹಿ ಹಾಕುತ್ತಾರಂತೆ. ನಮ್ಮೂರಿನ ಸಂಗತಿ ಬೇರೆ ಎಂಬುದು ನನಗೆ ಮರೆತಿತ್ತೇ? ಇಲ್ಲ. ಆದರೆ ಮನಸ್ಸು ಸಣ್ಣ ಸಣ್ಣ ಸಮಾಧಾನಗಳನ್ನು ಒದಗಿಸುತ್ತ ಹೋಯಿತು. ಮಕ್ಕಳು ಇವುಗಳಲ್ಲಿ ಕೆಲವನ್ನಾದರೂ ತರಗತಿಗೆ ಒಯ್ದಿರುತ್ತಾರೆ, ಆಗ ಅಡುಗೆಯವರು ಕಂಡಿರುತ್ತಾರೆ. ಫಕೀರವ್ವ ನಡುವೆ ಯಾವಾಗಲೋ ಧೂಳು ಒರೆಸುವಾಗ ತೆರೆದಿರುತ್ತಾಳೆ. ವರ್ಷ ಎಂದರೆ ಗೀಟು ಹಾಕಿದಂತೆ ಅದೇ ದಿನವೇ ಆಗಬೇಕೆಂದೇನಿದೆ. ಉಳಿದ ಇನ್ನೂರೈವತ್ತರಲ್ಲಿ ಹತ್ತಕ್ಕೊಂದರಂತೆ ಇಪ್ಪತ್ತೈದು ಸಂಪುಟ ತೆಗೆದು ಶ್ರದ್ಧೆಯಿಂದ ಪೂರ್ತಿ ನೋಡಿದೆ. ಉಳಿದವುಗಳ ರಟ್ಟು ನೋಡಿ ಪಟ್ಟಿಯಲ್ಲಿ ಗುರುತು ಹಾಕುತ್ತ ಹೋದೆ. ಮಂದಾಕಿನಿಯ ಹನ್ನೊಂದರ ಮುಂದೆ ಕೂತಾಗ ಒಂದು ಗಳಿಗೆ ಕೈ ನಿಂತಿತು. ಅವುಗಳ ಒಂದೊಂದು ಸಾಲೂ ನನ್ನ ಬಾಯಿಂದಲೇ ಹೋದದ್ದು, ಅವುಗಳಲ್ಲಿ ಏನಿದೆಯೆಂದು ನನಗೆ ಗೊತ್ತಿಲ್ಲವೇ ಎಂದುಕೊಂಡೆ. ಅವನ್ನೂ ತೆರೆಯಲಿಲ್ಲ. ಉಳಿದ ಎರಡು ದಿನ ಆ ಕೋಣೆಯಲ್ಲೇ ಕೂತು ಪರೀಕ್ಷೆಗೆ ಓದಿದೆ. ಐದನೆಯ ದಿನ ಸಂಜೆ ನಾನೂರ ಹನ್ನೆರಡು ಸಂಪುಟಗಳನ್ನೂ ಪುಟ ಪುಟವಾಗಿ ನೋಡಿದ್ದೇನೆ ಎಂದು ಬರೆದು ಸಹಿ ಮಾಡಿದೆ. ಕೆಳಗೆ ಸಾಹೇಬರು ಸಹಿ ಮಾಡಿದರು. ಫಕೀರವ್ವನಿಗೆ ಬೀಗದ ಕೈ ಒಪ್ಪಿಸಿ ಎಲ್ಲ ಆಯಿತು ಎಂದೆ. ಪಟ್ಟಿ ಕಟ್ಟಿದ ಮುಖವನ್ನು ನನ್ನ ಕಡೆ ತಿರುಗಿಸಿ, ನಿನಗೆ ಪುಣ್ಯ ಬರಲಿ ತಮ್ಮಾ ಎಂದಳು.

ಹುಣ್ಣಿಮೆ ಭಾನುವಾರ ಬಂದಿತ್ತು. ಸೋಮವಾರ ಬೆಳಿಗ್ಗೆ ಫಕೀರವ್ವ ಮಗಳ ಕೈ ಹಿಡಿದು ಬಂದು ಕೋಣೆಯ ಬೀಗ ತೆಗೆಸಿದಳು. ಮೊದಲು ಒಳಗೆ ಹೋದವಳು ಮೂರನೇ ಇಯತ್ತೆಯ ಒಬ್ಬ ಪುಟ್ಟ ಹುಡುಗಿ. ಅವಳು ತನ್ನ ಭೂಗೋಳದ ಪುಸ್ತಕ ತೆಗೆದುಕೊಂಡು ಒಳಗೆ ಬೆರಳಾಡಿಸಿ, ತಾನೇ ತಲೆಕೆಳಗಾಗಿ ಹಿಡಿದಿದ್ದೇನೆಂದು ತಿಳಿದು ಪುಸ್ತಕವನ್ನು ತಿರುಗಿಸಿ ಹಿಡಿದಳಂತೆ. ಮತ್ತೆ ಬೆರಳಾಡಿಸಿದಳಂತೆ. ಅಷ್ಟರಲ್ಲಿ ಉಳಿದವರೂ ಒಂದೊಂದನ್ನು ತೆರೆದಿದ್ದರು. ಇನ್ನೂರ ಇಪ್ಪತ್ತೈದು ಪುಸ್ತಕಗಳಲ್ಲಿ ರಟ್ಟು ಮಾತ್ರ ಇತ್ತು.

ಸುದ್ದಿ ಕಚೇರಿಗೆ ಬಂದಾಗ ಸಾಹೇಬರು ನನ್ನನ್ನು ಒಳಗೆ ಕರೆದು ಎಲ್ಲವನ್ನೂ ನೋಡಿದ್ದೀಯಲ್ಲ ಎಂದು ಕೇಳಿದರು. ನಾನು ಹೌದೆಂದೆ. ಅವರು ಕಿಟಕಿಯ ಕಡೆ ತಿರುಗಿ, ಹಾಗಾದರೆ ಸರಿ ಎಂದರು. ಅವರು ನನ್ನ ಮುಖ ನೋಡಿದ್ದರೆ ನಾನು ಹೇಳಿಬಿಡುತ್ತಿದ್ದೆನೇನೋ. ಇದೂ ಒಂದು ನೆಪವೇ ಇರಬಹುದು.

ಶಾಲೆಯ ಕಮಿಟಿಯವರು ತರ್ಕ ಮಾಡಿದ್ದು ಹೀಗೆ. ಆಡಿಟರ ಸಹಿಯಿದೆ, ಆದ್ದರಿಂದ ಪುಟಗಳನ್ನು ನೋಡಿದ್ದಾರೆ. ನೋಡಿದ್ದರೆ ಅವು ತಾವಾಗಿ ಹೋಗಲಾರವು. ಹಾಗಾದರೆ ಯಾರೋ ಹರಿದುಕೊಂಡು ಹೋಗಿದ್ದಾರೆ. ಅಂಥ ದಪ್ಪ ಕಾಗದಕ್ಕೆ ಮಿಠಾಯಿ ಡಬ್ಬಿ ಮಾಡುವವರಲ್ಲಿ ಬೇಡಿಕೆಯಿತ್ತು. ಬೀಗದ ಕೈ ಇದ್ದದ್ದು ಒಬ್ಬಳ ಬಳಿ.

ವಿಚಾರಣೆಯ ಹಿಂದಿನ ದಿನ ಮಂದಾಕಿನಿ ನನಗೆ ಹೇಳಿಕಳಿಸಿದಳು. ಜಗಲಿಯ ಮೇಲೆ ಕೂತಿದ್ದಳು, ಪಕ್ಕದಲ್ಲಿ ತನ್ನದೇ ಒಂದು ಸಂಪುಟದ ಖಾಲಿ ರಟ್ಟು. ಅದನ್ನು ನನ್ನ ಕೈಗೆ ಕೊಟ್ಟು, ಬೆನ್ನಿನ ದಾರವನ್ನು ಮುಟ್ಟಿ ನೋಡು ಎಂದಳು. ರಟ್ಟಿನ ಹೊರಗೆ ಕಾಣುವಂತೆ ಫಕೀರವ್ವ ಹೊಲಿದ ದಾರ ಸುರುಳಿ ಸುರುಳಿಯಾಗಿ ಹಾಗೆಯೇ ಇತ್ತು.

"ಹರದಿದ್ರ ದಾರದಾಗ ಕಾಗದದ ಚೂರರೆ ಉಳೀತಿತ್ತು," ಎಂದಳು. "ಬಿಚ್ಚಿದ್ರ ಗಂಟು ಬಿಚ್ಚಿರತಿತ್ತು. ಎರಡೂ ಇಲ್ಲ. ಇನ್ನೂರಾ ಇಪ್ಪತ್ತೈದೂ ಮುಟ್ಟಿ ನೋಡೀನಿ. ಶ್ರೀಪಾದ, ನೀ ಎಲ್ಲಾ ನೋಡಿದೇನು?"

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ನಾನು ನಿಜ ಹೇಳಲೆಂದೇ ಕೇಳಿದ್ದಳು. ಆ ಗಳಿಗೆಯಲ್ಲಿ ನನಗೆ ಕಂಡದ್ದು ನನ್ನ ಪರೀಕ್ಷೆಯ ಪ್ರವೇಶಪತ್ರ. ಸುಳ್ಳು ಪ್ರಮಾಣಪತ್ರಕ್ಕೆ ಸಹಿ ಹಾಕಿದವನನ್ನು ಪರೀಕ್ಷೆಗೆ ಕೂರಿಸುವುದಿಲ್ಲ, ವೃತ್ತಿಯಿಂದಲೇ ತೆಗೆಯುತ್ತಾರೆ, ಅದೂ ಅದೇ ಪುಸ್ತಕದಲ್ಲಿತ್ತು.

"ನೋಡೀನಿ," ಎಂದೆ.

ಅವಳು ರಟ್ಟನ್ನು ವಾಪಸು ತೆಗೆದುಕೊಂಡು ತೊಡೆಯ ಮೇಲಿಟ್ಟುಕೊಂಡಳು. "ಹಂಗಾದ್ರ ನೀವು ಹೊರಡ್ರಿ," ಎಂದಳು.

ಮರುದಿನ ಕಮಿಟಿಯ ಮುಂದೆ ಅವಳು ದಾರದ ಸಂಗತಿಯನ್ನು ಎಳೆ ಎಳೆಯಾಗಿ ಹೇಳಿದಳು. ನಮ್ಮ ಪಠ್ಯಪುಸ್ತಕ ಬರೆದವರು ಅಲ್ಲಿದ್ದಿದ್ದರೆ ಎದ್ದುನಿಂತು ಕೇಳುತ್ತಿದ್ದರು. ಸಾಕ್ಷ್ಯವನ್ನು ಹೇಗೆ ಕೂಡಿಸಬೇಕು, ಎಲ್ಲಿಗೆ ನಿಲ್ಲಿಸಬೇಕು ಎಂಬುದಕ್ಕೆ ಅದಕ್ಕಿಂತ ಒಳ್ಳೆಯ ಪಾಠವನ್ನು ನಾನು ಈವರೆಗೆ ಕೇಳಿಲ್ಲ. ಅಧ್ಯಕ್ಷರು ತಾಳ್ಮೆಯಿಂದ ಕೇಳಿ, ನಿನ್ನ ಬೆರಳಿನ ಮೇಲೆ ನಮಗೆ ವಿಶ್ವಾಸವಿದೆ ತಾಯಿ, ಆದರೆ ಇದು ಕಣ್ಣಿನಿಂದ ನಡೆಯುವ ಊರು ಎಂದರು. ಆಮೇಲೆ ನನ್ನನ್ನು ಕೇಳಿದರು. ನಾನು ಮೂರನೆಯ ಸಲ ಅದೇ ಮಾತು ಹೇಳಿದೆ.

ಕೊನೆಗೆ ಫಕೀರವ್ವನನ್ನು ನಿಲ್ಲಿಸಿದರು. ಒಂದು ಕಣ್ಣಿನ ಪಟ್ಟಿ ಬಿಚ್ಚಿದ್ದರು, ಇನ್ನೊಂದು ಕಟ್ಟಿಯೇ ಇತ್ತು. ಅವಳು ಅಳುತ್ತಾಳೆ, ಇಲ್ಲವೇ ನನ್ನ ಕಡೆ ಬೆರಳು ತೋರಿಸುತ್ತಾಳೆ ಎಂದು ನಾನು ಕಾಯುತ್ತಿದ್ದೆ. ತೋರಿಸಿದ್ದರೆ ಚೆನ್ನಾಗಿತ್ತು.

"ಹುಡುಗ ನೋಡೀನಂದ್ರ ನೋಡ್ಯಾನ," ಎಂದಳು. "ಅಂವ ಸುಳ್ಳು ಹೇಳಾಂವಲ್ಲ. ಕೀಲಿ ನನ್ನ ಕಡೆ ಇತ್ತು. ಕಣ್ಣಿಲ್ಲದಾಗ ಎಲ್ಲಿ ಮರತು ಇಟ್ಟೆನೋ, ಯಾರು ಒಯ್ದ್ರೋ. ಮಕ್ಕಳ ಪುಸ್ತಕಾ ನನ್ನ ಕೈಯಾಗ ಹೋದ್ವು."

ಅವಳ ಮೇಲೆ ಪೊಲೀಸು ದೂರು ಕೊಡದೆ, ವಯಸ್ಸು ನೋಡಿ ಕೆಲಸದಿಂದ ಬಿಡಿಸಿದ್ದನ್ನು ಕಮಿಟಿಯವರು ದೊಡ್ಡ ಉಪಕಾರವೆಂದೇ ತಿಳಿದರು. ದಾಖಲೆಯಲ್ಲಿ ಬೇಜವಾಬ್ದಾರಿಯಿಂದಾದ ನಷ್ಟ ಎಂದು ಬರೆದರು.

ಪರೀಕ್ಷೆಗೆ ಇಬ್ಬರೂ ಕೂತೆವು. ಅವಳಿಗೆ ಬೇರೆ ಕೋಣೆ ಕೊಟ್ಟಿದ್ದರು, ಹೋಗುವಾಗ ದೂರದಿಂದ ಕಂಡೆ. ಆಡಿಟಿನ ಉದ್ದೇಶವನ್ನು ಸ್ವಂತ ಮಾತುಗಳಲ್ಲಿ ವಿವರಿಸಿ ಎಂದು ಮೊದಲ ಪ್ರಶ್ನೆಯಿತ್ತು. ತಾನಾಗಿ ನೋಡಲಾರದವರ ಪರವಾಗಿ ಇನ್ನೊಬ್ಬ ನೋಡುವುದು ಎಂದು ಶುರುಮಾಡಿ ಎರಡು ಪುಟ ಬರೆದೆ. ಎಲ್ಲೆಲ್ಲಿ ಸ್ಯಾಂಪ್ಲಿಂಗ್ ಸಲ್ಲದು ಎಂಬ ಪ್ರಶ್ನೆಯೂ ಇತ್ತು. ಅದಕ್ಕೆ ಉತ್ತರ ನನಗಿಂತ ಚೆನ್ನಾಗಿ ಬರೆಯಬಲ್ಲವರು ಆ ಕೇಂದ್ರದಲ್ಲಿ ಯಾರೂ ಇರಲಿಲ್ಲ. ನನಗೆ ಎಪ್ಪತ್ತೊಂದು ಅಂಕ ಬಂದವು. ಮಂದಾಕಿನಿ ಪುಸ್ತಕವಿಲ್ಲದೆ ನೆನಪಿನಿಂದ ಬರೆಸಿ ಆರು ಅಂಕ ಕಡಿಮೆಯಾಗಿ ಬಿದ್ದಳು ಎಂದು ಕಚೇರಿಯಲ್ಲಿ ಯಾರೋ ಹೇಳಿದರು. ಮತ್ತೆ ಓದಿ ಹೇಳಲು ನಾನು ಹೋಗಲಿಲ್ಲ. ಶಾಲೆಯಿರುವ ಬೀದಿಯನ್ನೇ ಬಳಸಿಕೊಂಡು ಓಡಾಡುವುದನ್ನು ರೂಢಿಮಾಡಿಕೊಂಡೆ.

ಹನ್ನೊಂದು ವರ್ಷ ಹೀಗೆ ಕಳೆಯಿತು. ಮದುವೆಯಾದೆ, ಸಾಹೇಬರ ಕಚೇರಿಯಲ್ಲಿ ಪಾಲುದಾರನಾದೆ. ನನ್ನ ಸಹಿಗೆ ಊರಿನಲ್ಲಿ ಒಳ್ಳೆಯ ಹೆಸರಿತ್ತು, ಅದರಲ್ಲಿ ಸುಳ್ಳೂ ಇರಲಿಲ್ಲ. ಆ ನಂತರ ನಾನು ನೋಡದೆ ಒಂದು ಸೂಜಿಗೂ ಗುರುತು ಹಾಕಿಲ್ಲ. ಕೈಕೆಳಗಿನ ಹುಡುಗರು ಬೇಸರಪಡುವಷ್ಟು ಕಟ್ಟುನಿಟ್ಟಾದೆ. ಅದರಿಂದ ಹಿಂದಿನದು ತೂಗಿಹೋಗುತ್ತದೆ ಎಂದು ಮೊದಲು ನಂಬಿದ್ದೆ, ಆಮೇಲಾಮೇಲೆ ಅದನ್ನು ನಂಬುವುದನ್ನೂ ಬಿಟ್ಟೆ. ಒಮ್ಮೊಮ್ಮೆ ಊಟಕ್ಕೆ ಕೂತಾಗ, ನಾಳೆ ಫಕೀರವ್ವನ ಮನೆಗೆ ಹೋಗಿಬರಬೇಕು ಎಂದುಕೊಳ್ಳುತ್ತಿದ್ದೆ. ಊಟ ಮುಗಿಯುವಷ್ಟರಲ್ಲಿ ಆ ನಾಳೆಗೆ ಬೇರೆ ಕೆಲಸ ನೆನಪಾಗುತ್ತಿತ್ತು.

ಸಾಹೇಬರು ನಿವೃತ್ತರಾದಾಗ ಅಂಧರ ಶಾಲೆಯ ಕಡತವೂ ನನ್ನ ಮೇಜಿಗೆ ಬಂತು. ಬೇರೆಯವರನ್ನು ಕಳಿಸಬಹುದಿತ್ತು, ಕಳಿಸಲಿಲ್ಲ. ಪುಸ್ತಕದ ಕೋಣೆಯಲ್ಲಿ ಈಗ ಹತ್ತು ಕಪಾಟುಗಳಿದ್ದವು. ಒಂಬತ್ತನೆಯದು, ಹತ್ತನೆಯದು ತೆಗೆದಾಗ ಒಳಗೆ ಖಾಲಿ ರಟ್ಟುಗಳು ಸಾಲಾಗಿ ನಿಂತಿದ್ದವು. ಇನ್ನೂರ ಇಪ್ಪತ್ತೈದು. ಯಾಕೆ ಇಟ್ಟಿದ್ದೀರಿ ಎಂದು ಅಲ್ಲಿದ್ದ ಗುಮಾಸ್ತೆಯನ್ನು ಕೇಳಿದೆ. ಮುಖ್ಯೋಪಾಧ್ಯಾಯಿನಿಯವರು ವರ್ಷ ತಪ್ಪದೆ ಇವನ್ನು ಬಿಡಿಸಿ ನೋಡಲು ಹೇಳಿದ್ದಾರೆ, ಯಾಕೆಂದು ಕೇಳಿದರೆ ಇದರ ಲೆಕ್ಕ ಇನ್ನೂ ಮುಗಿದಿಲ್ಲ ಎನ್ನುತ್ತಾರೆ ಎಂದಳು. ಮುಖ್ಯೋಪಾಧ್ಯಾಯಿನಿ ಮಂದಾಕಿನಿ ಎಂಬುದು ನನಗೆ ಗೊತ್ತಿತ್ತು. ಪಟ್ಟಿಯಲ್ಲಿ ಆ ಸಾಲಿನ ಮುಂದೆ ಗುರುತು ಹಾಕಲು ಪೆನ್ನು ಎತ್ತಿದೆ. ಆಗಲಿಲ್ಲ. ಪಟ್ಟಿಯನ್ನು ಅಲ್ಲೇ ಬಿಟ್ಟು ಅವಳ ಕೋಣೆಗೆ ಹೋದೆ.

ಹೆಜ್ಜೆ ಕೇಳಿ ಯಾರು ಎಂದಳು. ಹೆಸರು ಹೇಳಿದೆ. ಕೂರಲು ಹೇಳಿದಳು. ನಾನು ನಿಂತೇ ಎಲ್ಲವನ್ನೂ ಹೇಳಿದೆ: ಎಷ್ಟು ನೋಡಿದೆ, ಎಲ್ಲಿಂದ ಬಿಟ್ಟೆ, ಅವಳ ಸಂಪುಟಗಳ ಮುಂದೆ ಏನು ಯೋಚಿಸಿದೆ, ಎಲ್ಲ.

"ನನಗ ಅವತ್ತ ಗೊತ್ತಿತ್ತು," ಎಂದಳು ಕೊನೆಗೆ. "ನೀವು ಬಂದು ಹೇಳ್ತೀರಿ ಅಂತ ಎರಡು ವರ್ಷ ದಾರಿ ಕಾದೆ. ಆಮ್ಯಾಲ ಕಾಯೂದು ಬಿಟ್ಟೆ. ಫಕೀರವ್ವ ಹೋಗಿ ನಾಕು ವರ್ಷಾತು."

ಅವಳೇ ಮುಂದೆ ಹೇಳಿದಳು. ಪ್ರತಿ ವರ್ಷ ಫಕೀರವ್ವನನ್ನು ನೋಡಿಬರಲು ಹೋಗುತ್ತಿದ್ದಳಂತೆ. ತಪ್ಪು ನಿನ್ನದಲ್ಲ, ಆ ಪುಟಗಳನ್ನು ಯಾರೂ ಕದಿಯಲಿಲ್ಲ ಎಂದು ಎಷ್ಟು ಹೇಳಿದರೂ ಆ ಮುದುಕಿ ಒಪ್ಪುತ್ತಿರಲಿಲ್ಲವಂತೆ. ನೋಡಿದ್ದೇನೆ ಎಂದು ಆ ಹುಡುಗನೇ ಹೇಳಿದ ಮೇಲೆ ಇನ್ನೇನು ಎನ್ನುತ್ತಿದ್ದಳಂತೆ. ಕೊನೆಯ ದಿನಗಳಲ್ಲಿ ಓಣಿಯ ಮಕ್ಕಳು ಶಾಲೆಗೆ ಹೊರಟರೆ ಅವರನ್ನು ತಡೆದು, ಚೀಲ ತೆರೆದು ಪುಸ್ತಕದಲ್ಲಿ ಪುಟ ಇವೆಯೇ ಎಂದು ನೋಡಿ ಕಳಿಸುತ್ತಿದ್ದಳಂತೆ.

ನಾನು ಕೂತುಬಿಟ್ಟೆ. ಆ ಪುಸ್ತಕವನ್ನು ಇನ್ನೊಮ್ಮೆ ಮೊದಲಿನಿಂದ ಓದಿ ಹೇಳಲೇ ಎಂದು ಕೇಳಿದೆ. ಬೇಡ ಎಂದಳು. ಈಗ ಮೂವರು ಹುಡುಗಿಯರು ಅದೇ ಪರೀಕ್ಷೆಗೆ ಓದುತ್ತಿದ್ದಾರೆ, ಅವರಿಗೆ ಓದುವವರು ಸಿಕ್ಕಿದ್ದಾರೆ, ಪುಸ್ತಕವೂ ಹೊಸದಾಗಿದೆ ಎಂದಳು. ನೀವು ನನಗೆ ಹೇಳಿದ್ದನ್ನು ಕಮಿಟಿಗೆ ಬರೆದುಕೊಡಿ, ಅಷ್ಟು ಸಾಕು ಎಂದಳು.

ಬರೆದುಕೊಟ್ಟೆ. ಪರೀಕ್ಷಾ ಮಂಡಳಿಗೂ ಒಂದು ಪ್ರತಿ ಕಳಿಸಿದೆ. ಮಂಡಳಿಯವರು ಎರಡು ವರ್ಷ ನನ್ನ ಸಹಿಯನ್ನು ತಡೆಹಿಡಿದರು. ಕಚೇರಿಗೆ ಬರುತ್ತಿದ್ದವರಲ್ಲಿ ಅರ್ಧದಷ್ಟು ಜನ ಬೇರೆ ಕಡೆ ಹೋದರು. ಹೆಂಡತಿ ಮೂರು ದಿನ ಮಾತಾಡಲಿಲ್ಲ, ಆಮೇಲೆ ಮಾತಾಡಿದಳು. ನಾನು ಹನ್ನೊಂದು ವರ್ಷ ಹೆದರಿದ್ದು ಇಷ್ಟಕ್ಕೇ ಎಂದು ತಿಳಿದಾಗ ನನಗಾದದ್ದು ಸಮಾಧಾನವಲ್ಲ. ಇಷ್ಟನ್ನು ಅವತ್ತೇ ತಾಳಿಕೊಳ್ಳಬಹುದಿತ್ತಲ್ಲ ಎಂಬುದೇ ದೊಡ್ಡ ಸಂಕಟವಾಯಿತು.

ಶಾಲೆಯ ಕಮಿಟಿ ಹಳೆಯ ದಾಖಲೆಯನ್ನು ತಿದ್ದಿ, ಫಕೀರವ್ವನ ಇಪ್ಪತ್ತಾರು ವರ್ಷದ ಸೇವೆಯಲ್ಲಿ ಯಾವ ತಪ್ಪೂ ಇರಲಿಲ್ಲ, ನಷ್ಟಕ್ಕೆ ಆಕೆ ಕಾರಣಳಲ್ಲ ಎಂದು ಒಂದು ಪತ್ರ ಬರೆಯಿತು. ಅಂಚೆಯಲ್ಲಿ ಕಳಿಸುವವರಿದ್ದರು. ನಾನೇ ಒಯ್ಯುತ್ತೇನೆ ಎಂದೆ.

ಫಕೀರವ್ವನ ಮಗಳು ಶಿವಲೀಲಾ ಹಿಟ್ಟಿನ ಗಿರಣಿ ನಡೆಸುತ್ತಿದ್ದಳು. ನಾನು ಹೋದಾಗ ಗಿರಣಿ ನಿಂತಿತ್ತು, ಕರೆಂಟಿಗಾಗಿ ಕಾಯುತ್ತಿದ್ದರು. ಬಾಗಿಲಲ್ಲಿ ಜೋಳದ ಡಬ್ಬಿಗಳು ಸಾಲಾಗಿದ್ದವು. ಅವಳ ಹುಬ್ಬು, ಕೂದಲೆಲ್ಲ ಹಿಟ್ಟಿನಿಂದ ಬೆಳ್ಳಗಾಗಿತ್ತು. ನಾನು ಯಾರೆಂದು ಹೇಳುವ ಮೊದಲೇ ಗುರುತು ಹಿಡಿದಳು. ತಾಯಿಯ ಕೈ ಹಿಡಿದು ಕಮಿಟಿಯ ಮುಂದೆ ಬಂದಿದ್ದವಳು ಅವಳೇ. ನಾನು ಹೇಳುವುದನ್ನೆಲ್ಲ ಹೇಳಿ ಕ್ಷಮೆ ಕೇಳಿದೆ. ಅವಳು ಸೆರಗಿಗೆ ಕೈ ಒರೆಸಿಕೊಂಡು ಪತ್ರ ತೆಗೆದುಕೊಂಡಳು, ಬೆಳಕಿಗೆ ಹಿಡಿದು ನಿಧಾನವಾಗಿ ಓದಿದಳು. ತಾಯಿಯ ಹೆಸರಿದ್ದ ಕಡೆ ಒಂದು ಸಲ ಬೆರಳಿಟ್ಟಳು. ಆಮೇಲೆ ಇದ್ದ ಹಾಗೆಯೇ ಮಡಚಿ ನನ್ನ ಕೈಗೆ ಮರಳಿ ಕೊಟ್ಟಳು.

"ಇದನ್ನ ಇಟ್ಕೊಂಡ್ರ ವರ್ಷಕ್ಕೊಮ್ಮೆ ತಗದು ನೋಡಬೇಕಾಗತೈತ್ರಿ," ಎಂದಳು. "ನನ್ನ ಕೈಲೆ ಆಗೂದಿಲ್ಲ. ನೀವ ಇಟ್ಕೋರಿ. ನೀವ ನೋಡ್ರಿ."

ಅಷ್ಟರಲ್ಲಿ ಕರೆಂಟು ಬಂತು. ಅವಳು ಒಳಗೆ ಹೋಗಿ ಗುಂಡಿ ಒತ್ತಿದಳು. ಪಟ್ಟಾ ಸುತ್ತತೊಡಗಿ ಗಿರಣಿಯ ಸದ್ದು ಏರಿತು. ಜನ ತಮ್ಮ ತಮ್ಮ ಡಬ್ಬಿ ಎತ್ತಿಕೊಂಡು ಮುಂದೆ ಸರಿದರು. ಅವರಿಗೆ ದಾರಿ ಬಿಟ್ಟು ನಾನು ಹೊರಗೆ ಬಂದು ನಿಂತೆ.